ನಿಂಬೆ, ಮೋಸಂಬಿ ತೋಟದ ಕಸ (ಕಳೆ): ಕಲಬುರಗಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮಳೆ ಬಿದ್ದು ಹದಿನೈದು ದಿನ ಆಗುವಷ್ಟರಲ್ಲಿ ನನ್ನ ಫೋನಿಗೆ ಫೋಟೋ ಬರಲು ಶುರುವಾಗುತ್ತವೆ. ನಿಂಬೆ ಗಿಡ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಕಸ. ಕೆಳಗೆ ಒಂದೇ ಸಾಲು: "ಏನ್ ಹೊಡೀಲಿರಿ ಅಣ್ಣಾ?"

ಅಫಜಲಪುರ ತಾಲೂಕಿನಲ್ಲಿ ನಮ್ಮದು ಮೂರು ಎಕರೆ ಕಾಗದಿ ನಿಂಬೆ, ಒಂದು ಎಕರೆ ಮೋಸಂಬಿ. ಎಲ್ಲ ಎರಿ (ಕಪ್ಪು ಮಣ್ಣಿನ) ಭೂಮಿ. ಕಸದ ವಿಷಯದಲ್ಲಿ ಮಾಡಬಾರದ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಾನೇ ಮಾಡಿ ನೋಡಿದ್ದೇನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ತೋಟ ಪೂರ್ತಿ ಸ್ವಚ್ಛ ಇರಬೇಕಾ?

ಬೇಡ. ಗಿಡದ ಬುಡ ಸ್ವಚ್ಛ ಇರಲಿ, ಸಾಲುಗಳ ನಡುವೆ ಹುಲ್ಲು ಇರಲಿ. ಆದರೆ ಆ ಹುಲ್ಲು ಮೊಣಕಾಲು ಮುಟ್ಟಬಾರದು, ಬೀಜ ಕಟ್ಟಬಾರದು.

ನಮ್ಮ ಅಪ್ಪನ ಕಾಲದವರಿಗೆ ಇದು ಒಪ್ಪಿಗೆ ಆಗೋದಿಲ್ಲ. ಹೊಲ ಅಂದರೆ ಅಂಗಳದ ಹಾಗೆ ಇರಬೇಕು ಅನ್ನುವವರು ಅವರು. "ಹೊಲದಾಗ ಕಸ ಬೆಳಸಿದವ್ನ ಮನಿಗೆ ಹೆಣ್ಣು ಕೊಡಬ್ಯಾಡ್ರಿ" ಅಂತ ನಮ್ಮ ಕಾಕಾ ಈಗಲೂ ತಮಾಷೆ ಮಾಡುತ್ತಾರೆ. ಜೋಳದ ಹೊಲಕ್ಕೆ ಆ ಮಾತು ಸರಿ. ಹಣ್ಣಿನ ತೋಟಕ್ಕೆ ಅಲ್ಲ. ಎರಿ ಭೂಮಿಯನ್ನು ಬೋಳು ಬಿಟ್ಟರೆ ಜೋರು ಮಳೆಗೆ ಮೇಲಿನ ಒಳ್ಳೆ ಮಣ್ಣು ಹಳ್ಳ ಸೇರುತ್ತದೆ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ. ಬಿರಿಯುವಾಗ ಸಣ್ಣ ಬೇರುಗಳನ್ನೂ ಹರಿಯುತ್ತದೆ. ನಡುವೆ ಕತ್ತರಿಸಿದ ಹುಲ್ಲು ಬಿದ್ದಿದ್ದರೆ ಎರಡೂ ಕಡಿಮೆ ಆಗುತ್ತವೆ.

ಹಾಗಾದರೆ ಬುಡ ಮಾತ್ರ ಯಾಕೆ ಸ್ವಚ್ಛ? ಎಷ್ಟು ದೂರದವರೆಗೆ?

ನಿಂಬೆ ಜಾತಿಯ ಗಿಡಗಳಿಗೆ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಕಸದ ಬೇರೂ ಅಲ್ಲೇ. ನೀವು ಹಾಕಿದ ಗೊಬ್ಬರ, ಡ್ರಿಪ್ ನೀರು, ಎಲ್ಲವನ್ನೂ ಮೊದಲು ತಿನ್ನುವುದು ಕಸ. ಎರಡು ವರ್ಷದ ನಿಂಬೆ ಗಿಡ ಹಳದಿ ಆಗಿದೆ, ಸತು ಕೊಡಲಾ, ಕಬ್ಬಿಣ ಕೊಡಲಾ ಅಂತ ಕೇಳುವವರ ಫೋಟೋದಲ್ಲಿ ಅರ್ಧಕ್ಕರ್ಧ ಬುಡದ ತುಂಬ ಹುಲ್ಲೇ ಇರುತ್ತದೆ.

ಮೊದಲ ವರ್ಷ ಕಾಂಡದ ಸುತ್ತ ಒಂದೂವರೆ ಅಡಿ ಸಾಕು. ಆಮೇಲೆ ಗಿಡದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ. ಗಿಡ ದೊಡ್ಡದಾಗಿ ಕೆಳಗೆ ದಟ್ಟ ನೆರಳು ಬಿದ್ದ ಮೇಲೆ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ. ಮೊದಲ ಮೂರು ನಾಲ್ಕು ವರ್ಷವೇ ನಿಜವಾದ ಜಗ್ಗಾಟ.

ಇನ್ನೊಂದು ಕಾರಣ ಇದೆ. ಕಾಂಡಕ್ಕೆ ಅಂಟಿಕೊಂಡು ಕಸ ಬೆಳೆದರೆ ತೊಗಟೆ ಒಣಗೋದೇ ಇಲ್ಲ. ಅಲ್ಲಿಂದಲೇ ಅಂಟು ಸೋರುವ ರೋಗ ಶುರು. ಕಸಿ ಮಾಡಿದ ಮೋಸಂಬಿಯಲ್ಲಿ ಕಸಿ ಗಂಟು ಯಾವಾಗಲೂ ಕಣ್ಣಿಗೆ ಕಾಣುವಂತೆ, ಮಣ್ಣಿಗಿಂತ ಮೇಲೆ ಇರಬೇಕು. ಕಸ ತೆಗೆಯುವ ನೆಪದಲ್ಲಿ ಬುಡಕ್ಕೆ ಮಣ್ಣು ಏರಿಸಬೇಡಿ. ಕಬ್ಬಿಗೆ ಮಾಡಿದ ಅಭ್ಯಾಸ ಇಲ್ಲಿ ನಡೆಯೋದಿಲ್ಲ.

ಯಾವಾಗ ತೆಗೆದರೆ ಕೆಲಸ ಕಡಿಮೆ?

ಕಸ ಹೂ ಬಿಡುವ ಮುಂಚೆ, ಅಷ್ಟೇ. ಮೊದಲ ಮಳೆಗೆ ಹುಟ್ಟಿದ್ದನ್ನು ಹದಿನೈದು ಇಪ್ಪತ್ತು ದಿನಕ್ಕೆ ಕುರ್ಪಿಯಲ್ಲಿ (ಕಸ ಕೆರೆಯುವ ಸಣ್ಣ ಕೈ ಹತಾರ) ಕೆರೆದರೆ ಒಬ್ಬ ಆಳು ದಿನಕ್ಕೆ ಬಹಳಷ್ಟು ಗಿಡ ಮುಗಿಸುತ್ತಾನೆ. ಅದನ್ನೇ ಒಂದೂವರೆ ತಿಂಗಳು ಬಿಟ್ಟರೆ ಗುದ್ದಲಿ ಬೇಕು. ಆಗ ಸರಿಯಾಗಿ ಹೆಸರುಕಾಳು ಬಿಡಿಸುವ ಕಾಲ ಬಂದಿರುತ್ತದೆ. ಆಳು ಎಲ್ಲಿ ಸಿಗುತ್ತಾರೆ?

ನಾನು ಜೂನ್ ಕೊನೆ, ಆಗಸ್ಟ್ ನಡುವೆ, ಸೆಪ್ಟೆಂಬರ್ ಕೊನೆ ಹೀಗೆ ಮೂರು ಸಲ ತೆಗೆಸುತ್ತೇನೆ. ಹಸ್ತ ಬಹಾರಕ್ಕೆ (ಮಳೆಗಾಲ ಮುಗಿಯುವಾಗ ಬರಿಸುವ ಹೂವಿನ ಹಂಗಾಮಿಗೆ) ಗಿಡಕ್ಕೆ ನೀರು ನಿಲ್ಲಿಸಿ ಮತ್ತೆ ಬಿಟ್ಟ ಮೇಲೆ ಕಸದ ಇನ್ನೊಂದು ಅಲೆ ಏಳುತ್ತದೆ. ಅದೂ ನಿಂಬೆ ಹೂವಿನ ಜೊತೆಗೇ. ಹೂವು ಇರುವಾಗ, ಕಾಯಿ ಬಟಾಣಿ ಗಾತ್ರ ಇರುವಾಗ ಬುಡ ಅಗೆಯಬೇಡಿ. ಬೇರು ಅಲುಗಿದರೆ ಕಾಯಿ ಉದುರುತ್ತದೆ. ಆಗ ಕೈಯಲ್ಲಿ ಕೀಳಬೇಕು, ಇಲ್ಲ ಕುಡಗೋಲಿನಿಂದ ಕೊಯ್ಯಬೇಕು.

ರೋಟಾವೇಟರ್ ಹೊಡೆಸಿದರೆ ಒಂದೇ ದಿನಕ್ಕೆ ಮುಗಿಯುತ್ತದಲ್ಲ?

ಮುಗಿಯುತ್ತದೆ. ಏನು ಮುಗಿಯುತ್ತದೆ ಅಂತ ನನ್ನ ಕಥೆ ಹೇಳುತ್ತೇನೆ.

ಗಿಡಕ್ಕೆ ಎರಡನೇ ವರ್ಷ. ಆಳು ಸಿಗಲಿಲ್ಲ ಅಂತ ಸಿಟ್ಟಿನಲ್ಲಿ ರೋಟಾವೇಟರ್ ಕರೆಸಿದೆ. ಡ್ರಿಪ್ ಪೈಪು ಗಿಡದ ಕಡೆ ಸರಿಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೊಡೆಸಿದೆ. ಸಂಜೆ ಹೊತ್ತಿಗೆ ತೋಟ ಹಿಟ್ಟು ನಾದಿದಂತೆ ಕಾಣುತ್ತಿತ್ತು. ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ! ಮೂರು ವಾರಕ್ಕೆ ನೋಡಿದರೆ ಮೊದಲು ಅಲ್ಲಲ್ಲಿ ಗುಂಪಾಗಿ ಇದ್ದ ಕರಕಿ (ಗರಿಕೆ ಹುಲ್ಲು) ಈಗ ಇಡೀ ಹೊಲಕ್ಕೆ ಹಬ್ಬಿತ್ತು. ಬ್ಲೇಡು ಕರಕಿ ಬಳ್ಳಿಯನ್ನು ಬೆರಳುದ್ದ ತುಂಡು ಮಾಡಿ, ಎಳೆದುಕೊಂಡು ಹೋಗಿ, ಬಿತ್ತನೆ ಮಾಡಿಕೊಟ್ಟಿತ್ತು. ಗಣ್ಣು ಇರುವ ತುಂಡು ಪ್ರತಿಯೊಂದೂ ಒಂದು ಹೊಸ ಗಿಡ. ಗಿಡದ ಹತ್ತಿರ ಬ್ಲೇಡು ಹೋದಲ್ಲಿ ಬೇರು ಹರಿದು, ಮುಂದಿನ ಮಳೆಗಾಲದಲ್ಲಿ ಏಳು ಗಿಡಗಳ ಬುಡದಲ್ಲಿ ಅಂಟು ಸೋರಲು ಶುರುವಾಯಿತು. ನಾಲ್ಕು ಉಳಿದವು, ಮೂರು ಹೋದವು.

ಅಂಟು ಕಂಡರೆ ಕೊಳೆತ ತೊಗಟೆ ಕೆರೆದು ಬೋರ್ಡೋ ಮುಲಾಮು ಹಚ್ಚಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಿಸಿ, ಕಬ್ಬಿಣದ್ದು ಬೇಡ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಕಾಂಡಕ್ಕೆ ಎರಡು ಅಡಿ ಎತ್ತರದವರೆಗೆ ಹಚ್ಚಿದರೆ ಒಳ್ಳೆಯದು.

ನಡುವಿನ ಜಾಗದಲ್ಲಿ ಎತ್ತಿನ ಕುಂಟಿ (ಮೇಲ್ಮಣ್ಣು ಕೆರೆಯುವ ಸಲಕರಣೆ) ಹೊಡೆಯಬಹುದು. ಅದು ಎರಡು ಮೂರು ಇಂಚಿಗಿಂತ ಆಳ ಹೋಗದು. ಆದರೆ ಗಿಡದ ನೆರಳಿನ ಒಳಗೆ ಕುಂಟಿಯೂ ಬೇಡ.

ಕರಕಿ ಮತ್ತು ಜೇಕು (ಗಡ್ಡೆ ಇರುವ ಹುಲ್ಲು) ಸಾಯುವುದೇ ಇಲ್ಲ. ಏನು ಮಾಡಬೇಕು?

ಜೇಕನ್ನು ಒಮ್ಮೆ ನಿಧಾನವಾಗಿ ಕಿತ್ತು ನೋಡಿ. ಮೇಲಿನ ಹುಲ್ಲು ಟಕ್ ಅಂತ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಈಗ ಕುರ್ಪಿ ಆಳಕ್ಕೆ ಇಳಿಸಿ ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ತೊಳೆಯಿರಿ. ದಾರಕ್ಕೆ ಕರಿಮಣಿ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಗಡ್ಡೆ ಕಾಣುತ್ತವೆ. ಮುರಿದರೆ ಒಳಗೆ ಬಿಳಿ, ಘಮ್ ಅನ್ನುವ ವಾಸನೆ. ನೀವು ಮೇಲಿನದನ್ನು ಕಿತ್ತಾಗ ಈ ಸರದ ಮಲಗಿದ್ದ ಗಡ್ಡೆಗಳು ಏಳುತ್ತವೆ. ಅದಕ್ಕೇ ಒಂದು ಸಲ ಕಿತ್ತು ಬಿಟ್ಟರೆ ಕಿತ್ತಿದ್ದಕ್ಕಿಂತ ಜಾಸ್ತಿ ಬರುತ್ತದೆ.

ಎರಡು ದಾರಿ ಇವೆ. ತೋಟ ಹಾಕುವ ಮುಂಚೆಯಾದರೆ ಏಪ್ರಿಲ್–ಮೇ ಬಿಸಿಲಿಗೆ ಆಳವಾಗಿ ರೆಂಟಿ (ನೇಗಿಲು) ಹೊಡೆದು ಹೆಂಟೆ ಹಾಗೇ ಬಿಡಿ. ನಮ್ಮ ಕಡೆ 42 ಡಿಗ್ರಿ ಬಿಸಿಲು ಪುಕ್ಕಟೆ ಸಿಗುತ್ತದೆ, ಗಡ್ಡೆ ಮತ್ತು ಕರಕಿ ಬೇರು ಒಣಗಿ ಕಡ್ಡಿ ಆಗುತ್ತವೆ. ಕರಕಿ ಬೇರನ್ನು ಆರಿಸಿ ಹೊರಗೆ ಹಾಕಬೇಕು, ಬದುವಿನ ಮೇಲೆ ಅಲ್ಲ. ಅಲ್ಲಿಂದ ಮತ್ತೆ ಇಳಿದು ಬರುತ್ತದೆ.

ತೋಟ ಆಗಲೇ ಇದ್ದರೆ ಹಟ ಹಿಡಿಯಬೇಕು. ಹದಿನೈದು ದಿನಕ್ಕೊಮ್ಮೆ ಮೇಲಿನ ಹುಲ್ಲು ಕತ್ತರಿಸುತ್ತಲೇ ಇದ್ದರೆ ಗಡ್ಡೆಯಲ್ಲಿ ಕೂಡಿಟ್ಟ ಬಲ ಸೋರಿಹೋಗುತ್ತದೆ. ಒಂದು ವರ್ಷಕ್ಕೆ ಫಲ ಕಾಣಲಿಲ್ಲ ಅಂತ ಬಿಡಬೇಡಿ. ಜೇಕು, ಕರಕಿ ಎರಡಕ್ಕೂ ನೆರಳು ಅಂದರೆ ಆಗದು. ಗಿಡದ ಹರವು ಹೆಚ್ಚಿದಷ್ಟೂ ಅವು ಹಿಂದೆ ಸರಿಯುತ್ತವೆ. ಪ್ಲಾಸ್ಟಿಕ್ ಹೊದಿಕೆ ಜೇಕಿಗೆ ಉತ್ತರ ಅಲ್ಲ. ಅದರ ಮೊಳಕೆ ಸೂಜಿಯ ಹಾಗೆ ಹಾಳೆ ತೂತು ಮಾಡಿಕೊಂಡು ಬರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನು ಕರಕಿ. ಗಣೇಶ ಚೌತಿಗೆ ಊರವರೆಲ್ಲ ಬಂದು ಕಿತ್ತುಕೊಂಡು ಹೋಗುತ್ತಾರೆ, ನಾನು ಬೇಡ ಅನ್ನೋದಿಲ್ಲ. ಆದರೆ ಇಪ್ಪತ್ತೊಂದು ಎಸಳಿಗೆ ಅದರ ಹೊಟ್ಟೆ ತಣ್ಣಗಾಗದು.

ಕಾಂಗ್ರೆಸ್ ಕಸಕ್ಕೆ (ಪಾರ್ಥೇನಿಯಂ)?

ಹೂ ಬರುವ ಮುಂಚೆ, ನೆಲ ಹಸಿ ಇರುವಾಗ ಬೇರು ಸಮೇತ ಕೀಳಿ. ಬರಿಗೈಯಲ್ಲಿ ಬೇಡ, ಮೈ ತುರಿಕೆ, ಉಬ್ಬಸ ಬರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಂದದ್ದನ್ನು ಕಿತ್ತು ತೋಟದಲ್ಲೇ ಬಿಟ್ಟರೆ ಕಿತ್ತಿದ್ದು ವ್ಯರ್ಥ.

ಮಳೆಗಾಲದಲ್ಲಿ ಅದರ ಎಲೆ ಜರಡಿಯಂತೆ ತೂತಾಗಿದ್ದರೆ ಹಿಂದೆ ತಿರುಗಿಸಿ ನೋಡಿ. ತಿಳಿ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರುವ ಸಣ್ಣ ದುಂಬಿ ಕಾಣಬಹುದು. ಈ ಕಸವನ್ನು ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು. ಅದು ಇದ್ದ ಕಡೆ ಔಷಧ ಹೊಡೆಯಬೇಡಿ, ಅದು ನಮ್ಮ ಸಂಬಳ ಇಲ್ಲದ ಆಳು.

ಯಾವ ಕಸವನ್ನು ಕಂಡ ಕೂಡಲೇ ತೆಗೆಯಬೇಕು?

ಇದನ್ನು ಬಹಳ ಜನ ಕೇಳೋದಿಲ್ಲ, ಕೇಳಬೇಕು. ಎರಿ ಹೊಲದ ಬದುವಿನಲ್ಲಿ ಬಾವಂಚಿ ಬೆಳೆಯುತ್ತದೆ. ನಿಂಬೆ ಚಿಗುರು ಬೋಳಿಸುವ ಹಸಿರು ಹುಳದ ಚಿಟ್ಟೆ ಬಾವಂಚಿಯ ಮೇಲೂ ಮೊಟ್ಟೆ ಇಡುತ್ತದೆ. ನಿಮ್ಮ ಗಿಡದಲ್ಲಿ ಚಿಗುರು ಇಲ್ಲದಾಗ ಅದು ಬದುವಿನಲ್ಲಿ ಸಂಸಾರ ನಡೆಸುತ್ತಿರುತ್ತದೆ. ಚಿಗುರು ಬಂದ ತಕ್ಷಣ ಒಳಗೆ ಹಾಜರ್.

ಮೋಸಂಬಿ ಇದ್ದವರು ಬೇಲಿಯ ಮೇಲಿನ ಅಮೃತಬಳ್ಳಿ, ದಾಗಡಿ ಬಳ್ಳಿ ನೋಡಿಕೊಳ್ಳಿ. ರಾತ್ರಿ ಬಂದು ಹಣ್ಣಿಗೆ ಸೂಜಿ ಚುಚ್ಚಿ ರಸ ಹೀರುವ ಪತಂಗದ ಮರಿಗಳು ಈ ಬಳ್ಳಿಗಳನ್ನು ತಿಂದೇ ದೊಡ್ಡವಾಗುವುದು. ಹಣ್ಣಿಗೆ ಔಷಧ ಹೊಡೆದರೂ ಉದುರುವುದು ನಿಲ್ಲಲಿಲ್ಲ ಅನ್ನುವವರು ಒಮ್ಮೆ ಬೇಲಿ ಸುತ್ತಿ ಬನ್ನಿ. ಅಮೃತಬಳ್ಳಿ ಮನೆ ಔಷಧಕ್ಕೆ ಬೇಕು ಅಂದರೆ ಮನೆ ಹಿತ್ತಲಲ್ಲಿ ಇರಲಿ.

ಗ್ಲೈಫೋಸೇಟ್ ಕಳೆನಾಶಕ ಹೊಡೆಯಬಹುದಾ? ಎಲ್ಲರೂ ಹೊಡೆಯುತ್ತಾರಲ್ಲ?

ಎಲ್ಲರೂ ಹೊಡೆಯುತ್ತಾರೆ, ನಿಜ. ಆದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಗೆ ಕಡಿವಾಣ ಹಾಕುವ ಆದೇಶ ಹೊರಡಿಸಿತು. ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಅಂತ ಅದರಲ್ಲಿತ್ತು. ಚಹಾ ತೋಟ ಮತ್ತು ಬೆಳೆ ಇಲ್ಲದ ಜಾಗಕ್ಕೆ ಅಂತ ಒಪ್ಪಿಗೆ ಪಡೆದ ಔಷಧ ಅದು. ನಿಂಬೆ ತೋಟಕ್ಕೆ ಅಲ್ಲ.

ಕಾನೂನು ಬದಿಗಿಡೋಣ ಅಂದರೂ ಗಿಡ ಸುಮ್ನೆ ಬಿಡೋದಿಲ್ಲ. ಈ ಔಷಧ ಹಸಿರು ಭಾಗದಿಂದ ಒಳಗೆ ಹೋಗಿ ಬೇರಿನವರೆಗೆ ಇಳಿಯುತ್ತದೆ. ಎಳೆ ನಿಂಬೆಯ ಕಾಂಡವೂ ಹಸಿರೇ ಅಲ್ವಾ? ಜೋತುಬಿದ್ದ ಒಂದು ಕೊಂಬೆಗೆ ಸಿಡಿದರೂ ಸಾಕು, ಮುಂದಿನ ಚಿಗುರು ದಾರದಂತೆ ಸಣ್ಣಗೆ, ಬಿಳಿಚಿಕೊಂಡು, ಪೊರಕೆಯ ಹಾಗೆ ಗುಂಪಾಗಿ ಬರುತ್ತದೆ. ಜನ ಅದನ್ನು ರೋಗ ಅಂದುಕೊಂಡು ಮತ್ತೊಂದು ಔಷಧ ಹೊಡೆಯುತ್ತಾರೆ.

ಬೇರೆ ಕಳೆನಾಶಕ ಬೇಕೇ ಬೇಕು ಅಂದರೆ ಡಬ್ಬಿಯ ಜೊತೆಗಿನ ಚೀಟಿ ಓದಿ. ಅದರಲ್ಲಿ ನಿಂಬೆ ಜಾತಿಯ ಹೆಸರು ಇಲ್ಲದಿದ್ದರೆ ವಾಪಸ್ ಇಡಿ. ಅಂಗಡಿಯವರ ಮಾತಿಗಿಂತ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುವುದು ಮೇಲು. ಕಲಬುರಗಿಯಲ್ಲಿ, ಬೀದರಿನಲ್ಲಿ, ಯಾದಗಿರಿ ಜಿಲ್ಲೆಗೆ ಕವಡಿಮಟ್ಟಿಯಲ್ಲಿ ಕೇಂದ್ರಗಳಿವೆ.

ಎಕರೆಗೆ ಇಷ್ಟು ಅಂತ ಬರೆದಿರುತ್ತದೆ. ತೋಟಕ್ಕೆ ಲೆಕ್ಕ ಹೇಗೆ?

ಇಲ್ಲೇ ಹೆಚ್ಚಿನವರು ಎಡವುವುದು. ಚೀಟಿಯಲ್ಲಿನ ಎಕರೆ ಅಂದರೆ ನೀವು ಔಷಧ ಹೊಡೆಯುವ ಜಾಗದ ಎಕರೆ, ತೋಟದ ಎಕರೆ ಅಲ್ಲ.

ಸಾಲಿನಿಂದ ಸಾಲಿಗೆ 20 ಅಡಿ ಇದೆ, ನೀವು ಗಿಡದ ಸಾಲಿನ ಗುಂಟ 6 ಅಡಿ ಪಟ್ಟಿಗೆ ಮಾತ್ರ ಹೊಡೆಯುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಎಕರೆ ಅಂದರೆ 40 ಗುಂಟೆ. ಅದರಲ್ಲಿ ಔಷಧ ಬೀಳುವುದು 12 ಗುಂಟೆಗೆ ಮಾತ್ರ. ಎಕರೆಯ ಪೂರ್ತಿ ಔಷಧವನ್ನು ಆ 12 ಗುಂಟೆಗೆ ಸುರಿದರೆ ಬೇಕಾದ್ದರ ಮೂರರಷ್ಟಕ್ಕಿಂತ ಜಾಸ್ತಿ ಆಯಿತು. ಅದೂ ನೇರ ಬೇರಿನ ಮೇಲೆ.

ಮೊದಲು ಪಂಪಿಗೆ ಬರೀ ನೀರು ತುಂಬಿ, ನಿಮ್ಮ ನಡಿಗೆಯಲ್ಲೇ ಹೊಡೆದು ಎಷ್ಟು ಜಾಗಕ್ಕೆ ಬಂತು ಅಳೆಯಿರಿ. 16 ಲೀಟರ್ ಪಂಪು 4 ಗುಂಟೆಗೆ ಬಂದರೆ 12 ಗುಂಟೆಗೆ ಮೂರು ಪಂಪು. ಎಕರೆಯ ಪ್ರಮಾಣದ ಹತ್ತನೇ ಒಂದು ಭಾಗ ಒಂದು ಪಂಪಿಗೆ. ನಡಿಗೆ ಬೇರೆಯವರದಾದರೆ ಲೆಕ್ಕವೂ ಬೇರೆ.

ಪಕ್ಕದ ಹತ್ತಿಗೆ ಏನಾದರೂ ಆಗುತ್ತದಾ?

2,4-ಡಿ ಅನ್ನುವ ಕಳೆನಾಶಕ ಹೊಡೆದರೆ ಖಂಡಿತ ಆಗುತ್ತದೆ. ಗಾಳಿಯಲ್ಲಿ ತೇಲಿ ಹೋದ ಇಷ್ಟೇ ಇಷ್ಟು ಸಾಕು, ಹತ್ತಿಯ ಅಗಲ ಎಲೆ ಬೆಂಡೆ ಎಲೆಯ ಹಾಗೆ ಸೀಳಿ ಸಣ್ಣದಾಗುತ್ತದೆ. ತೊಗರಿಯೂ ತಡೆಯದು. ನಿಂಬೆ ತೋಟದಲ್ಲಿ ಅದರ ಹೆಸರೂ ಎತ್ತಬೇಡಿ.

ನಮ್ಮೂರಲ್ಲಿ ಒಬ್ಬರು ಜೋಳಕ್ಕೆ 2,4-ಡಿ ಹೊಡೆದ ಪಂಪನ್ನು ನಾನು ಕೇಳಿ ತಂದಿದ್ದೆ. ನೀರಿನಲ್ಲಿ ಒಂದು ಸಲ ಅಲ್ಲಾಡಿಸಿ ನಿಂಬೆ ಚಿಗುರಿಗೆ ಹುಳದ ಔಷಧ ಹೊಡೆದೆ. ವಾರದಲ್ಲಿ ಚಿಗುರೆಲ್ಲ ಮುರುಟಿ ಹೋಯಿತು. ಕಳೆನಾಶಕಕ್ಕೆ ಬೇರೆಯೇ ಪಂಪು ಇಡಿ, ಮೇಲೆ ಕೆಂಪು ಬಣ್ಣ ಬಳಿಯಿರಿ, ಯಾರಿಗೂ ಕೊಡಬೇಡಿ, ಯಾರದ್ದೂ ತರಬೇಡಿ.

ಪ್ಯಾರಾಕ್ವಾಟ್ ಕಳೆನಾಶಕ ಕಸವನ್ನು ಬೇಗ ಸುಡುತ್ತದಂತೆ?

ಸುಡುತ್ತದೆ. ಅದು ಹೊಟ್ಟೆಗೆ ಹೋದರೆ ಇಳಿಸುವ ಮದ್ದು ಇಲ್ಲ. ಒಂದು ಗುಟುಕು ಸಾಕು. ಮಕ್ಕಳಿರುವ ಮನೆಯಲ್ಲಿ ಇಡಬೇಡಿ, ನೀರಿನ ಬಾಟಲಿಗೆ ಸುರಿದು ಹೊಲಕ್ಕೆ ಒಯ್ಯಬೇಡಿ. ನಾನು ತರೋದನ್ನೇ ಬಿಟ್ಟಿದ್ದೇನೆ.

ಉಪ್ಪು, ಸಾಬೂನು ಪುಡಿ ಬೆರೆಸಿ ಹೊಡೆದರೆ? ವಿಡಿಯೋದಲ್ಲಿ ನೋಡಿದೆ.

ವಿಡಿಯೋ ಮಾಡಿದವರ ತೋಟ ಎರಡು ವರ್ಷ ಆದ ಮೇಲೆ ನೋಡಬೇಕು. ನಿಂಬೆ ಜಾತಿಗೆ ಉಪ್ಪು ಸ್ವಲ್ಪವೂ ಆಗದು. ಎರಿ ಮಣ್ಣು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೋರಿನ ನೀರಿನಲ್ಲೂ ಒಂದಿಷ್ಟು ಬಂದೇ ಬರುತ್ತದೆ. ಸವಳು ಆದ ನೆಲವನ್ನು ಸರಿ ಮಾಡಲು ವರ್ಷಗಟ್ಟಲೆ ಬೇಕು. ಕಸ ಮಾತ್ರ ಮುಂದಿನ ಮಳೆಗೆ ವಾಪಸ್.

ಹೊದಿಕೆಗೆ ಏನು ಹಾಕಬೇಕು?

ನನ್ನ ಮಟ್ಟಿಗೆ ಇದೇ ಅತಿ ಒಳ್ಳೆ ಉಪಾಯ. ಜೋಳದ ಕಣಿಕೆ ದನಕ್ಕೆ ಬೇಕು, ತೊಗರಿ ಹೊಟ್ಟು ಆಡಿಗೆ ಬೇಕು, ಅವನ್ನು ಹಾಕಿ ಅಂತ ನಾನು ಹೇಳೋದಿಲ್ಲ. ಆದರೆ ಆಳಂದ, ಅಫಜಲಪುರ, ಬೀದರ್ ಕಡೆ ಕಬ್ಬಿನ ರವದಿಗೆ (ಒಣ ಗರಿಗೆ) ಬೆಂಕಿ ಇಡುತ್ತಾರಲ್ಲ, ಅದನ್ನು ಕೇಳಿ ತನ್ನಿ. ಬೀದರಿನಲ್ಲಿ ಸೋಯಾ ಹೊಟ್ಟೂ ಬೇಕಾದಷ್ಟು ಸಿಗುತ್ತದೆ.

ಕಸ ತೆಗೆದು, ಡ್ರಿಪ್ ಪೈಪಿನ ಮೇಲೆ ನಾಲ್ಕು ಇಂಚು ದಪ್ಪ ಹರಡಿ. ಕಾಂಡದಿಂದ ಒಂದು ಗೇಣು ದೂರ ಬಿಡಿ. ತಾಗಿಸಿದರೆ ಗೆದ್ದಲು, ಇಲಿ ಎರಡಕ್ಕೂ ಮನೆ ಕಟ್ಟಿಕೊಟ್ಟ ಹಾಗೆ. ತೆಳ್ಳಗೆ ಹಾಕಿದರೆ ಹಾಕದ ಹಾಗೇ, ಕಸ ನಡುವಿನಿಂದ ತಲೆ ಎತ್ತುತ್ತದೆ. ಏಪ್ರಿಲ್‌ನಲ್ಲಿ ಬೀಡಿ ಸೇದುವವರನ್ನು ತೋಟದೊಳಗೆ ಬಿಡಬೇಡಿ. ಪ್ಲಾಸ್ಟಿಕ್ ಹಾಳೆ ಹಾಕುವವರು 100 ಮೈಕ್ರಾನ್ ದಪ್ಪದ್ದು ತನ್ನಿ. ತರಕಾರಿಗೆ ಹಾಕುವ ತೆಳು ಹಾಳೆ ಒಂದೇ ಬೇಸಿಗೆಗೆ ಚಿಂದಿ.

ಸಾಲಿನ ನಡುವೆ ತೊಗರಿ ಹಾಕಲಾ?

ಕಲಬುರಗಿಯಲ್ಲಿ ಖಾಲಿ ಜಾಗ ಕಂಡರೆ ತೊಗರಿ ಹಾಕಬೇಕು ಅನ್ನಿಸುತ್ತದೆ, ಗೊತ್ತು. ಬೇಡ. ಆಳೆತ್ತರ ಬೆಳೆದು ಎಳೆ ಗಿಡಕ್ಕೆ ನೆರಳು ಮಾಡುತ್ತದೆ. ಐದಾರು ತಿಂಗಳು ಒಳಗೆ ಹೋಗಿ ಕಸ ತೆಗೆಯಲು ಬಿಡೋದಿಲ್ಲ. ಹೆಸರು, ಉದ್ದು, ಅಲಸಂದಿ ಹಾಕಿ. ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತವೆ, ನೆಲ ಮುಚ್ಚುತ್ತವೆ, ಹೊಟ್ಟು ಬುಡಕ್ಕೆ ಬರುತ್ತದೆ. ನಡುವಿನ ಬೆಳೆಯ ಆಸೆ ಇಲ್ಲದವರು ಸೆಣಬು ಚೆಲ್ಲಿ ಹೂ ಬರುವ ಹೊತ್ತಿಗೆ ಕತ್ತರಿಸಿ ಅಲ್ಲೇ ಕೆಡವಲಿ. ಬದನೆ, ಟೊಮೆಟೊಗೆ ಪದೇ ಪದೇ ನೀರು ಬೇಕು, ಗಿಡದ ಬುಡ ಸದಾ ಹಸಿ ಇರುತ್ತದೆ. ಅವು ಬೇಡ.

ಕುರಿ ಬಿಟ್ಟರೆ ಮೇಯ್ದು ಹೋಗುವುದಿಲ್ಲವಾ?

ಕುರಿ ಹುಲ್ಲಿನ ಜೊತೆ ಕೆಳಗಿನ ಚಿಗುರನ್ನೂ ಮೇಯುತ್ತದೆ, ಆಡು ತೊಗಟೆಯನ್ನೇ ಸುಲಿಯುತ್ತದೆ. ಎತ್ತರ ಬೆಳೆದ ತೋಟದಲ್ಲಿ ಕುರಿ ಸರಿ, ಆಡು ಯಾವ ಕಾಲಕ್ಕೂ ಬೇಡ. ಬಳ್ಳಾರಿ ಜಾಲಿ ಕಾಯಿ ತಿಂದು ಬಂದ ಮಂದೆ ಹಿಕ್ಕೆಯಲ್ಲಿ ಜಾಲಿ ಬೀಜ ಬಿತ್ತಿ ಹೋಗುತ್ತದೆ. ಹಸಿ ತಿಪ್ಪೆ ಗೊಬ್ಬರವೂ ಅಷ್ಟೇ. ಗುಡ್ಡೆ ಹಾಕಿ, ನೀರು ಚಿಮುಕಿಸಿ, ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಿ, ತಿರುವಿ ಹಾಕಿ ಕಳಿತ ಮೇಲೆಯೇ ಬುಡಕ್ಕೆ.

ಬೀದರ್, ಯಾದಗಿರಿಯಲ್ಲೂ ಇದೇ ಕ್ರಮವಾ?

ಬಹುಪಾಲು ಇದೇ. ಬೀದರಿನ ಕೆಂಪು ನೆಲ ಮಳೆ ನಿಂತ ಮರುದಿನವೇ ಕುರ್ಪಿಗೆ ಸಿಗುತ್ತದೆ. ನಮ್ಮ ಎರಿಯಲ್ಲಿ ನಾಲ್ಕು ದಿನ ಕಾಲೇ ಇಡಲಾಗದು. ಆ ನಾಲ್ಕು ದಿನದಲ್ಲೇ ಕಸ ಗೆಲ್ಲುವುದು. ಶಹಾಪುರ, ಸುರಪುರ ಕಡೆ ನಾರಾಯಣಪುರದ ಕಾಲುವೆ ನೀರು ಹಾಯಿಸುವವರು ನೀರಿನ ಜೊತೆ ಬೀಜವೂ ಬರುತ್ತದೆ ಅಂತ ನೆನಪಿಡಿ. ಪಾತಿಗೆ ನೀರು ಬಿಡುವ ಬಾಯಿಗೆ ಒಂದು ಜಾಳಿಗೆ ಕಟ್ಟಿ.

ಬ್ರಷ್ ಕಟ್ಟರ್ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಿ. ಆಳಿನ ಚಿಂತೆ ಅರ್ಧ ಕಡಿಮೆ ಆಗುತ್ತದೆ. ಆದರೆ ಅದು ಸಾಲಿನ ನಡುವಿಗೆ ಮಾತ್ರ. ತಿರುಗುವ ನೈಲಾನ್ ದಾರ ಎಳೆ ಗಿಡದ ತೊಗಟೆಯನ್ನು ಬಳೆಯ ಹಾಗೆ ಸುತ್ತ ಸುಲಿದರೆ ಗಿಡ ತಿಂಗಳಲ್ಲಿ ಒಣಗುತ್ತದೆ. ಬುಡದ ಹತ್ತಿರ ಕುರ್ಪಿಯೇ ಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಚಾಲು ಮಾಡಬೇಡಿ.

ಕಸದ ಹೆಸರು ಗೊತ್ತಿಲ್ಲ. ಫೋಟೋ ಕಳಿಸಲಾ?

ಕಳಿಸಿ. ಆದರೆ ಎದ್ದು ನಿಂತು ಇಡೀ ಹೊಲದ ಫೋಟೋ ಬೇಡ, ಹಸಿರು ಬಿಟ್ಟರೆ ಏನೂ ಕಾಣೋದಿಲ್ಲ. ಒಂದೇ ಗಿಡ ಬೇರು ಸಮೇತ ಕಿತ್ತು, ಮಣ್ಣು ತೊಳೆದು, ಗೋಣಿ ಚೀಲದ ಮೇಲೆ ಇಟ್ಟು, ಪಕ್ಕದಲ್ಲಿ ನಿಮ್ಮ ಕೈ ಇಟ್ಟು ತೆಗೆಯಿರಿ. ಹೂವು ಇದ್ದರೆ ಇನ್ನೂ ಸುಲಭ. ತೆಗೆದ ಮೇಲೆ ಆ ಗಿಡವನ್ನು ಬದುವಿಗೆ ಬಿಸಾಕಬೇಡಿ.